ಹುಲಿಯ ಉಗುರೂ ಡಾಕ್ಟರ ಕೋಟೂ

ತರೀಕೆರೆಯಿಂದ ಗುಡ್ಡದ ಕಡೆ ಹೋದರೆ ಒಂದು ಸಫಾರಿ ಸಿಗುತ್ತದೆ. ಅಲ್ಲಿ ಹುಲಿಗಳಿಗೆ ಮಾಂಸ ಹಾಕೋ ಕೆಲಸ ನನ್ನದಾಗಿತ್ತು. ಬೇರೆಯವರಿಗೆ ನಗುವಂಥದ್ದು ವರ್ಷಕ್ಕೊಂದು ನಡೆದರೆ ಹೆಚ್ಚು. ನನಗೆ ಬೆಳಿಗ್ಗೆ ಗೇಟು ತೆಗೆಯೋದರೊಳಗೆ ಒಂದು ಕಾದು ನಿಂತಿರುತ್ತಿತ್ತು. ಎಲ್ಲ ನಿಜ. ನಂಬದವರು ಒಳಗೆ ಹೋಗಿ ಹುಲಿಯನ್ನೇ ಕೇಳಬಹುದು.

೧. ಭಯದ ಮಾತು

ಹೊಸದಾಗಿ ಬಂದ ಪಶುವೈದ್ಯರು ಮೊದಲ ದಿನವೇ ಕೇಳಿದರು, "ಯಜಮಾನ್ರೇ, ಹುಲಿ ಅಂದ್ರೆ ಭಯ ಇಲ್ವಾ?"

"ಸರ್, ನಾನು ಅಜ್ಜಂಪುರದ ಕಡೆಯವನು. ಅಮೃತಮಹಲ್ ಹೋರಿ ಮೇಯಿಸ್ಕಂಡು ಬೆಳೆದವನು. ಹುಲಿಗಾದ್ರೆ ಬೋನು ಐತೆ."

ಒಂದು ಸಲ ಹೋರಿ ಬೆದರಿ ಓಡಿತು. ಬಾಲ ಹಿಡಿದಿದ್ದೆ, ಬಿಡಲಿಲ್ಲ. ಅಜ್ಜಂಪುರದಲ್ಲಿ ಹಿಡಿದದ್ದು, ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿತು. ನನ್ನ ಕಾಲು ನೆಲಕ್ಕೆ ತಾಗಿದ್ದು ದಾರಿಯಲ್ಲಿ ಎರಡೇ ಕಡೆ.

ಡಾಕ್ಟರು ಇಷ್ಟೂ ಕೇಳಿ, "ವಾಪಸ್ ಹೆಂಗೆ ಬಂದ್ರಿ?" ಅಂದರು.

"ಅದೇ ಹೋರಿ ಸರ್. ಅದಕ್ಕೂ ಮನೆಗೆ ಹೋಗ್ಬೇಕಿತ್ತಲ್ಲ."

೨. ಡಾಕ್ಟರ ಜೀಪು

ಡಾಕ್ಟರು ಬಂದು ಕೆಲವು ತಿಂಗಳಾಗಿತ್ತು. ಆಗ ನಮ್ಮಲ್ಲಿ ಒಂದು ಮುದಿ ಹೆಣ್ಣುಹುಲಿ ಇತ್ತು. ವಯಸ್ಸಾದ ಹುಲಿಗೆ ಉಗುರು ಸವೆಯೋದಿಲ್ಲ. ಬೆಳೆದು, ಬಾಗಿ, ಅದರ ಅಂಗಾಲಿಗೇ ಚುಚ್ಚಿಕೊಳ್ಳುತ್ತದೆ. ಇದಕ್ಕೂ ಹಾಗೇ ಆಗಿ, ಮುಂಗಾಲು ಬಾತು ಕೀವು ಸೋರುತ್ತಿತ್ತು.

"ವಾರದೊಳಗೆ ಉಗುರು ಕತ್ತರಿಸದಿದ್ರೆ ನಂಜೇರಿ ಸತ್ತೇ ಹೋಗುತ್ತೆ ಯಜಮಾನ್ರೇ," ಅಂದರು ಡಾಕ್ಟರು.

ಕತ್ತರಿಸೋಕೆ ಮೊದಲು ಅದು ಬೋನಿಗೆ ಬರಬೇಕು, ಮತ್ತಿನ ಸೂಜಿ ಹೊಡೆಸಿಕೊಳ್ಳಬೇಕು. ಅದು ಬರುತ್ತಿರಲಿಲ್ಲ. ಡಾಕ್ಟರು ಬಂದಾಗಲೆಲ್ಲ ಯಾವುದೋ ಪ್ರಾಣಿಗೆ ಸೂಜಿ ಬಿದ್ದಿರುತ್ತದಲ್ಲ, ಅವರ ಜೀಪಿನ ಸದ್ದು, ಅವರ ಬಿಳಿ ಕೋಟು ಇಡೀ ಸಫಾರಿಗೆ ಬಾಯಿಪಾಠ. ಕಂದಾಯ ವಸೂಲಿಗೆ ಅಮಲ್ದಾರ್ ಬಂದ ಊರಿನ ಥರ, ಎದುರಿಗೆ ಒಂದು ಜೀವ ಇರುತ್ತಿರಲಿಲ್ಲ. ಕರಡಿ ಹಳ್ಳಕ್ಕೆ, ಹುಲಿ ಪೊದೆಗೆ.

ಮೂರು ದಿನ ಹೀಗೇ ಆಯ್ತು. "ಇವಕ್ಕೆ ಜೀವ ಉಳಿಸೋನು ನಾನು. ನನ್ನ ಕಂಡ್ರೇ ಆಗಲ್ವಲ್ಲ," ಅಂದರು ಡಾಕ್ಟರು.

"ಬೇಜಾರು ಮಾಡ್ಕಬೇಡಿ ಸರ್. ಆನೆ ಓಡಲಿಲ್ಲವಲ್ಲ."

"ಅದನ್ನ ಕಟ್ಟಿದ್ದಾರೆ ಕಣ್ರೀ."

೩. ಅಂಗಿ ಬದಲು

ನಾಲ್ಕನೆಯ ದಿನ ಡಾಕ್ಟರಿಗೆ ಒಂದು ಉಪಾಯ ಹೊಳೆಯಿತು. ನನ್ನ ಖಾಕಿ ಅಂಗಿ, ನನ್ನ ಟವೆಲ್ ಹಾಕಿಕೊಂಡರೆ ನನ್ನ ವಾಸನೆಗೆ ಹುಲಿ ಮೋಸ ಹೋಗುತ್ತದೆ ಅಂತ. ನನಗೆ ಉಳಿದದ್ದು ಅವರ ಕೋಟು.

ಅವರು ಬೋನಿನ ಕಡೆ ಹೊರಟರು. ದಾರಿಯಲ್ಲಿ ತಪಾಸಣೆಗೆ ಬಂದಿದ್ದ ಮೇಲಧಿಕಾರಿಯೊಬ್ಬರು ಅಡ್ಡ ಸಿಕ್ಕರು. "ಏಯ್, ಕೈಬೀಸ್ಕೊಂಡು ಎಲ್ಲಿಗೋ? ಆ ಆನೆ ಲದ್ದಿ ಯಾರೋ ಎತ್ತೋರು?" ಡಾಕ್ಟರು ಬಾಯಿ ತೆಗೆಯೋದರೊಳಗೆ ಬುಟ್ಟಿ ಕೈಗೆ ಬಂದಿತ್ತು. ನಾಲ್ಕು ಬುಟ್ಟಿ ಎತ್ತಿದರು. ಚೆನ್ನಾಗೇ ಎತ್ತಿದರು.

ಇತ್ತ ನನ್ನನ್ನು ಹಿಡಿದವಳು ಕಡೂರಿನಿಂದ ಸಫಾರಿ ನೋಡೋಕೆ ಬಂದ ಹೆಂಗಸು. "ಡಾಕ್ಟ್ರೇ, ನಮ್ಮತ್ತೆಗೆ ಮಂಡಿನೋವು. ಏನಾದ್ರೂ ಹೇಳಿ."

ಕೋಟು ಹಾಕಿದ ಮೇಲೆ ಇಲ್ಲ ಅನ್ನೋಕಾಗುತ್ತದಾ? "ನಮ್ಮ ಹುಲಿಗೆ ವಾರಕ್ಕೊಂದು ದಿನ ಉಪವಾಸ. ಮಂಡಿ ಉಕ್ಕಿನ ಥರ ಅವೆ."

"ನಮ್ಮತ್ತೆನೂ ಸೋಮವಾರ ಉಪವಾಸ ಇರ್ತಾರೆ."

"ಹಂಗಾದ್ರೆ ಅತ್ತೆಗೂ ಹುಲಿಗೂ ಒಂದೇ ಪಥ್ಯ."

"ಗುಣಾನೂ ಒಂದೇ ಕಣ್ರೀ," ಅಂದಳು.

೪. ಹುಲಿ ನಂಬಿದ್ದು

ಲದ್ದಿ ಎತ್ತೋದರಲ್ಲೇ ಆ ದಿನ ಕಳೆಯಿತು. ಆದರೆ ನಾನೊಂದು ಗಮನಿಸಿದ್ದೆ. ಹುಲಿ ದೂರದಿಂದ ಕೋಟು ಕಂಡದ್ದೇ ನಾನು ಅಂತಲೂ ನೋಡದೆ ಕುಂಟಿಕೊಂಡು ಓಡಿತ್ತು. "ಸರ್, ಅದು ಕೋಟಿಗೆ ಹೆದರೋದು. ನಾನು ಕಾಡಿನ ಕಡೆಯಿಂದ ಓಡಿಸ್ತೀನಿ, ನೀವು ಬೋನಿನ ಪಕ್ಕ ನನ್ನ ಅಂಗೀಲಿ ಕೂತಿರಿ," ಅಂದೆ.

ಐದನೆಯ ದಿನ ಕೋಟು ಹಾಕಿ, ಜಾಲರಿ ಜೀಪಿನಲ್ಲಿ ಡ್ರೈವರ್ ಪಕ್ಕ ಎದ್ದು ಕಾಣೋ ಹಾಗೆ ಕೂತು ಪೊದೆಯ ಹಿಂದಿನಿಂದ ಹೋದೆ. ಹುಲಿ ನನ್ನ ನೋಡಿತು, ಕೋಟು ನೋಡಿತು, ನೇರ ಬೋನಿಗೆ ನುಗ್ಗಿತು. ಅಲ್ಲಿ ನನ್ನ ವಾಸನೆ, ನನ್ನ ಟವೆಲ್, ಮಾಂಸದ ಬಕೆಟ್. ನೆಮ್ಮದಿಯಾಗಿ ಮಲಗಿತು. ಬಾಗಿಲು ಬಿತ್ತು. ಡಾಕ್ಟರು ಮತ್ತಿನ ಸೂಜಿಯ ಊದುಕೊಳವೆಯಿಂದ ಉಫ್ ಅಂದರು. ಅರ್ಧ ಗಂಟೆಯಲ್ಲಿ ಉಗುರು ಕತ್ತರಿಸಿ, ಕೀವು ತೊಳೆದು, ಔಷಧಿ ಹಚ್ಚಿದ್ದಾಯ್ತು. ಡಾಕ್ಟರು ಬೆವರು ಒರೆಸಿಕೊಂಡು, "ಬದುಕ್ತು ಯಜಮಾನ್ರೇ," ಅಂದರು.

ಮಾರನೇ ದಿನ ನಾನು ಎಂದಿನಂತೆ ಖಾಕಿಯಲ್ಲಿ ಬಕೆಟ್ ಹಿಡಿದು ಹೋದೆ. ನನ್ನ ಕಂಡ ಹುಲಿ ಎದ್ದು ಮೂಲೆ ಸೇರಿತು. ಅಷ್ಟು ವರ್ಷ ನನ್ನ ಕೈಯಿಂದ ತಿಂದದ್ದು, ಮೂತಿ ತಿರುಗಿಸಿಬಿಟ್ಟಿತು. ಹಿಂದೆ ಡಾಕ್ಟರು ತಮ್ಮ ಬಿಳಿ ಕೋಟಿನಲ್ಲಿ ಬಂದರು. ಕೋಟು ಬರೀ ಓಡಿಸಿತ್ತು, ಚುಚ್ಚಿದ್ದು ಖಾಕಿ ಅಂತ ಅದರ ಲೆಕ್ಕ; ಅವರನ್ನು ಕಂಡು ಕಂಬಿಗೆ ಕೆನ್ನೆ ಉಜ್ಜಿತು.

"ಚುಚ್ಚಿದ್ದು ನೀವು ಸರ್, ಸಿಟ್ಟು ನನ್ನ ಮೇಲೆ," ಅಂದೆ.

"ಈಗ ಗೊತ್ತಾಯ್ತಾ ನನ್ನ ಕಷ್ಟ?"

ಗಾಯ ಮಾಯಬೇಕಾದರೆ ಹುಲಿ ತಿನ್ನಬೇಕಲ್ಲ. ಹಾಗಾಗಿ ಹದಿನೈದು ದಿನ ದೊಡ್ಡ ಓದು ಓದಿದ ಡಾಕ್ಟರು ಮಾಂಸದ ಬಕೆಟ್ ಹೊತ್ತರು. ನಾನು ಜೀಪಿನಲ್ಲಿ ಕೂತು, "ಎಲುಬಿಂದು ಮೊದಲು ಹಾಕಿ ಸರ್," ಅಂತ ಹೇಳಿಕೊಡುತ್ತಿದ್ದೆ. ಹುಲಿ ತಿಂದು ಮುಗಿಸಿ, ನನ್ನ ಕಡೆ ತಿರುಗಿ ಹಲ್ಲೆಲ್ಲ ಬಿಟ್ಟು ಗುರ್ ಅನ್ನುತ್ತಿತ್ತು.

"ಒಂದೂ ಅಲುಗಾಡ್ತಿಲ್ಲ, ಹಲ್ಲು ಗಟ್ಟಿ ಅವೆ. ಬರ್ಕಳಿ ಸರ್," ಅನ್ನುತ್ತಿದ್ದೆ. ಡಾಕ್ಟರು ಬಕೆಟ್ ಕೆಳಗಿಟ್ಟು ಬರೆದುಕೊಳ್ಳುತ್ತಿದ್ದರು.