ಎಡಗಿವಿಯ ಭತ್ತ

ಇಂಗ್ಲಿಷ್ ಮೇಷ್ಟ್ರಿಗೆ ಇಂಗ್ಲಿಷ್ ಅರ್ಥವಾಗುವುದಿಲ್ಲ ಎಂಬ ಗುಟ್ಟು ಸಾಮಾನ್ಯವಾಗಿ ನಿವೃತ್ತಿಯವರೆಗೆ ಭದ್ರವಾಗಿರುತ್ತದೆ. ನನ್ನದು ಕಂಪ್ಲಿಗೆ ಕೇಬಲ್ ಟಿವಿ ಬಂದ ವರ್ಷವೇ ಬಯಲಾಗುವುದರಲ್ಲಿತ್ತು. ಕಾಲುವೆ ನೀರಿನ ಭತ್ತ, ಕಬ್ಬು ಕೈಹಿಡಿದಿದ್ದ ಕಾಲ. ಓಣಿಯಲ್ಲಿ ಬಣ್ಣದ ಟಿವಿಗೆ ಕೊರತೆಯಿರಲಿಲ್ಲ. ಆದರೂ ಸಂಜೆ ಏಳಕ್ಕೆ ಹೆಂಗಸರೆಲ್ಲ ನಮ್ಮ ಮನೆಗೇ ಬರುತ್ತಿದ್ದರು. ಆ ಹೊತ್ತಿಗೆ ವಿಚಿತ್ರ ಕಾಯಿಲೆಗಳನ್ನು ತೋರಿಸುವ ವಿದೇಶಿ ಕಾರ್ಯಕ್ರಮವೊಂದು ಬರುತ್ತಿತ್ತು. ಮೈತುಂಬ ಕೂದಲು ಬೆಳೆದವನು, ಗೋಡೆಯ ಸುಣ್ಣ ಕೆರೆದು ತಿನ್ನುವವಳು, ತಿಂಗಳುಗಟ್ಟಲೆ ಬಿಕ್ಕಳಿಸುವವನು. ಅವರ ಕಥೆಯನ್ನು ಕನ್ನಡದಲ್ಲಿ ಹೇಳಬೇಕಾದವನು ನಾನು.

ಅವರ ಮಾತು ನನಗೆ ನಾಲ್ಕಾಣೆಯಷ್ಟೂ ತಿಳಿಯುತ್ತಿರಲಿಲ್ಲ. ಮೊದಲೇ ಎಡಗಿವಿ ಚಿಕ್ಕಂದಿನಿಂದ ಮಂದ. ಆದರೆ ಗೊತ್ತಿಲ್ಲ ಎನ್ನಲು ಬಾಯಿ ಬರಬೇಕಲ್ಲ? ಬಿಕ್ಕಳಿಸುವವನನ್ನು ಹೆಂಡತಿ ಬಿಟ್ಟುಹೋಗಿದ್ದಾಳೆ ಎಂದು ನಾನೇ ಸೇರಿಸಿದೆ. ಪಕ್ಕದ ಮನೆಯ ಹುಲಿಗೆಮ್ಮತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಮರುಕ್ಷಣವೇ ಹೆಂಡತಿ ಬಂದು ಅವನ ಪಕ್ಕ ಕೂತಳು. ‘ತಂಗಿ’ ಎಂದೆ. ಅವಳು ಮುತ್ತು ಕೊಟ್ಟಳು. ‘ಅವರ ದೇಶದಾಗ ಹಂಗ’ ಎಂದು ಪಾರಾದೆ.

ಆದರೆ ಕಿವಿಯ ವಿಷಯ ನಗುವ ಹಂತ ದಾಟಿತ್ತು. ಶಾಲೆಗೆ ಬಂದ ಇನ್‌ಸ್ಪೆಕ್ಟರರು ನನ್ನ ಎಡಕ್ಕೆ ನಿಂತು, ಎಷ್ಟು ವರ್ಷ ಸರ್ವೀಸಾಯಿತು ಎಂದು ಕೇಳಿದ್ದಕ್ಕೆ, ‘ಎರಡು ಗಂಡು, ಒಂದು ಹೆಣ್ಣು ಸಾರ್’ ಎಂದಿದ್ದೆ. ಕಿವಿ ತೋರಿಸಿ ಸರ್ಟಿಫಿಕೇಟು ತರಬೇಕೆಂದು ಅವರು ಬರೆದುಹೋದರು. ನರ ಸತ್ತಿದೆ, ನೌಕರಿ ಹೋಯಿತು ಎಂದು ನಾನೇ ತೀರ್ಮಾನಿಸಿಕೊಂಡು, ಅದನ್ನು ಡಾಕ್ಟರ ಬಾಯಿಂದ ಕೇಳುವ ಧೈರ್ಯವಿಲ್ಲದೆ ದಿನ ದೂಡುತ್ತಿದ್ದೆ.

ಒಂದು ಸಂಜೆ ಟಿವಿಯಲ್ಲಿ ದಪ್ಪನೆಯ ಬಿಳಿಯನೊಬ್ಬ ಕಾಣಿಸಿಕೊಂಡ. ‘ಇವನಿಗೆ ಹೃದಯದ ತೊಂದರೆ’ ಎಂದು ಶುರುಮಾಡಿದೆ. ಸೊಪ್ಪು ಸೋಸುತ್ತಿದ್ದ ನನ್ನ ಹೆಂಡತಿ ನೀಲಮ್ಮ ಕೈ ನಿಲ್ಲಿಸಿದಳು. ಆಕೆ ಓದಿದ್ದು ನಾಲ್ಕನೆಯ ತರಗತಿ.

“ಹೃದಯ ಎಲ್ಲೈತ್ರಿ? ಡಾಕ್ಟ್ರು ಅವನ ಕಿವ್ಯಾಗ ಬ್ಯಾಟ್ರಿ ಬೆಳಕು ಬಿಡಾಕ ಹತ್ಯಾರ. ಕುಂತದ್ದು ನೋಡ್ರಿ, ಥೇಟ್ ನಿಮ್ಮಂಗ ಕುತ್ತಿಗಿ ಸೊಟ್ಟ ಮಾಡ್ಕಂಡು!”

ಅಷ್ಟರಲ್ಲಿ ಡಾಕ್ಟರು ಚಿಮಟ ಹಾಕಿ ಕಿವಿಯಿಂದ ಒಂದು ಮಣಿ ಎಳೆದರು. ದಪ್ಪನೆಯವನು ಗೊಳೋ ಎಂದು ಅತ್ತ.

“ಸಣ್ಣೋನಿದ್ದಾಗ ಹೊಕ್ಕಿದ್ದು ಅದು,” ಎಂದಳು ನೀಲಮ್ಮ. “ನೀವೂ ಸಣ್ಣೋರಿದ್ದಾಗ ಕಣದಾಗ ಭತ್ತದ ರಾಶಿ ಮ್ಯಾಲೆ ಮಕ್ಕಂತಿದ್ರಿ, ಹೌದಿಲ್ರಿ?”

“ಇದು ನರದ ದೋಷ. ನಿನಗ ತಿಳಿಯಂಗಿಲ್ಲ.”

“ನರ ಆಮ್ಯಾಲೆ ನೋಡಾನು. ನಾಳೆ ಹೊಸಪೇಟಿಗೆ ನಡೀರಿ.”

ಹೊಸಪೇಟೆಯ ಡಾಕ್ಟರು ನನ್ನ ಕಿವಿಯೊಳಗೆ ಇಣುಕಿ, ಗುಗ್ಗೆ ಗಟ್ಟಿಯಾಗಿದೆ ಎಂದು ಹನಿ ಔಷಧ ಕೊಟ್ಟರು. ನಾಲ್ಕು ದಿನದ ನಂತರ ಮತ್ತೆ ಹೋದಾಗ ಅವರ ಚಿಮಟಕ್ಕೆ ಕರಿಗೋಲಿಯಂಥದ್ದೊಂದು ಬಂತು. ನಾನು ಬೆಚ್ಚಿಬಿದ್ದು, ‘ನಿಮ್ಮ ಫ್ಯಾನು ಕೆಟ್ಟಿದೆ ಸಾರ್’ ಎಂದೆ. ಫ್ಯಾನು ಸರಿಯಾಗಿಯೇ ಇತ್ತು. ನನ್ನ ಎಡಗಿವಿ ಅದನ್ನು ಮೊದಲ ಬಾರಿಗೆ ಕೇಳುತ್ತಿತ್ತು. ನೀಲಮ್ಮ ‘ಒಳಗ ಏನೈತಿ ನನಗ ಗೊತ್ತೈತ್ರಿ’ ಎಂದು ಆ ಗೋಲಿಯನ್ನು ಬೆರಳಲ್ಲಿ ಹಿಸುಕಿದಳು. ಒಳಗೊಂದು ಭತ್ತದ ಕಾಳು.

“ನಿಮಗ ಹೆಂಗ ಗೊತ್ತಾತಮ್ಮಾ?” ಡಾಕ್ಟರು ಕೇಳಿದರು.

“ಟಿವ್ಯಾಗ ಬಂದಿತ್ರಿ ಸಾರ್.”

ಡಾಕ್ಟರು ಎದ್ದು ನಿಂತು ಆಕೆಗೆ ಕೈ ಮುಗಿದರು. ನನಗೆ ಸರ್ಟಿಫಿಕೇಟು ಕೊಟ್ಟರು.

ಕಂಪ್ಲಿಯ ಬಸ್ಸು ಅಷ್ಟು ಗದ್ದಲ ಮಾಡುತ್ತದೆಂದು ನನಗೆ ಅಂದೇ ತಿಳಿದಿದ್ದು. ಕುಂಕುಮದ ಡಬ್ಬಿಯಲ್ಲಿ ಕಾಳಿಟ್ಟುಕೊಂಡು ನೀಲಮ್ಮ ಓಣಿಯಲ್ಲಿ ಗೆದ್ದುಬಂದವಳಂತೆ ನಡೆದಳು. ಹುಲಿಗೆಮ್ಮತ್ತೆ ಆಕೆಗೆ ಆರತಿ ಎತ್ತಿದರು. ರೈಸ್ ಮಿಲ್ಲಿನ ಸಾಹುಕಾರರು ಭೂತಗನ್ನಡಿ ತಂದು ಕಾಳನ್ನು ಪರೀಕ್ಷಿಸಿ, “ಈ ತಳಿ ಈಗ ಎಲ್ಲೂ ಸಿಗಂಗಿಲ್ಲ ಮೇಷ್ಟ್ರ, ಭಾಳ ಜ್ವಾಪಾನ ಮಾಡಿದ್ರಿ” ಎಂದು ನನ್ನನ್ನೂ ಹೊಗಳಿದರು.

ಮರುದಿನ ಸಂಜೆ ಕಾರ್ಯಕ್ರಮ ಶುರುವಾಯಿತು. ಈಗ ಎರಡು ಕಿವಿಗಳಿವೆ, ಇನ್ನೇನು ಎಂದು ಕುರ್ಚಿಯಲ್ಲಿ ಕೂತು ಗಂಟಲು ಸರಿಮಾಡಿಕೊಂಡೆ. ಪ್ರತಿಯೊಂದು ಶಬ್ದವೂ ಗಾಜಿನಂತೆ ಸ್ಪಷ್ಟವಾಗಿ ಕೇಳಿಸಿತು, ಒಂದೂ ಅರ್ಥವಾಗಲಿಲ್ಲ.

“ಮೇಷ್ಟ್ರ, ನೀವು ಚಾಪಿ ಮ್ಯಾಲೆ ಬರ್ರಿ,” ಎಂದರು ಹುಲಿಗೆಮ್ಮತ್ತೆ. “ನೀಲಮ್ಮ ಹೇಳ್ತಾಳ.”

ನೀಲಮ್ಮ ಕುರ್ಚಿಗೇರಿದಳು. ಬರೀ ಚಿತ್ರ ನೋಡಿ ಹೇಳುತ್ತ ಹೋದಳು. ಅಷ್ಟು ದಿನಗಳಲ್ಲಿ ಮೊದಲ ಸಲ ನನಗೂ ಎಲ್ಲ ತಿಳಿಯಿತು. ನಡುವೆ ಒಂದು ಅನುಮಾನ ಬಂದು ಬಾಯಿ ತೆರೆದೆ.

“ಸುಮ್ಕ ಕೇಳ್ರಿ ಮೇಷ್ಟ್ರ!” ಎಂದರು ಹೆಂಗಸರೆಲ್ಲ.

ಎರಡೂ ಕಿವಿಗೆ ಕೇಳಿಸಿತು.