ಬೆಲ್ಲದ ಕಾಗದದ ವೈದ್ಯ

"ಡಾಕ್ಟರ ಮುಖ ನೋಡದೆ ನನ್ನ ಪ್ರಾಸ್ಟೇಟನ್ನು ನಾನೇ ಸರಿಪಡಿಸುತ್ತೇನೆ!"

ಸಾವಿರದ ಒಂಬೈನೂರ ತೊಂಬತ್ತೈದನೇ ಇಸವಿಯಲ್ಲಿ ನಾನು ಮಾಡಿದ ಭೀಷ್ಮ ಪ್ರತಿಜ್ಞೆ ಇದು. ಹಂಪನಕಟ್ಟೆಯಲ್ಲಿ ಹತ್ತಿದ ಬಸ್ಸು ತೊಕ್ಕೊಟ್ಟಿನ ನನ್ನ ಆಫೀಸು ಮುಟ್ಟಬೇಕಾದರೆ ನೇತ್ರಾವತಿ ಸೇತುವೆ ದಾಟಬೇಕು. ಸೇತುವೆ ಬರುವುದರೊಳಗೇ ನನಗೆ ಮೂತ್ರಕ್ಕೆ ಅವಸರ! ದಿನವೂ ನಡುದಾರಿಯಲ್ಲಿ ಇಳಿಯುತ್ತಿದ್ದೆ. ನೆರೆಮನೆಯ ಕಜೆಟನ್ ಪೊರ್ಬುಗಳೂ ಅದೇ ಕಾರಣಕ್ಕೆ ಜೊತೆಯಲ್ಲಿ ಇಳಿಯುತ್ತಿದ್ದರು. ನನ್ನ ಅಣ್ಣ ಸಂಕಪ್ಪ ಪ್ರಾಸ್ಟೇಟ್ ಕ್ಯಾನ್ಸರಿನಲ್ಲೇ ತೀರಿಕೊಂಡವನು. ಆ ಹೆದರಿಕೆ ಇದ್ದೇ ಇತ್ತು. ಡಾಕ್ಟರು ಕೈಗವಸು ತೊಟ್ಟು ಮಾಡುವ ಪರೀಕ್ಷೆಯ ಹೆದರಿಕೆ ಅದಕ್ಕಿಂತ ಒಂದು ಹಿಡಿ ಹೆಚ್ಚು!

ಆಗ ಅಹ್ಮದ್ ಬಾವನ ಅಂಗಡಿಯ ಬೆಲ್ಲದ ಪೊಟ್ಟಣದಲ್ಲಿ ದೇವರು ಪ್ರತ್ಯಕ್ಷನಾದ. ಪೊಟ್ಟಣ ಕಟ್ಟಿದ್ದು ಯಾವುದೋ ವಾರಪತ್ರಿಕೆಯ ಹಾಳೆಯಲ್ಲಿ.

"ಸೋಯಾದಲ್ಲಿರುವ ಸಂಯುಕ್ತಗಳು ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳ ಬೆಳವಣಿಗೆಯನ್ನು ತಗ್ಗಿಸಿವೆ. ಇವು ಹೆಂಗಸರ ಹಾರ್ಮೋನನ್ನು ಹೋಲುತ್ತವೆ. ಆದ್ದರಿಂದ ಗಂಡಸರು..."

ಹಾಳೆ ಅಲ್ಲಿಗೆ ಹರಿದಿತ್ತು! ಗಂಡಸರು ತಿನ್ನಬೇಕೋ, ಬಿಡಬೇಕೋ?

"ಡಾಕ್ಟ್ರನ್ನು ಕೇಳಿ," ಎಂದಳು ಹೆಂಡತಿ ಉಮಾವತಿ.

"ವಿಜ್ಞಾನದಲ್ಲಿ ನೀನು ಬಾಯಿ ಹಾಕಬೇಡ!"

ಎರಡು ಕಿಲೋ ಸೋಯಾ ಬಂತು. ಸೋಯಾ ದೋಸೆ, ಸೋಯಾ ಗಸಿ, ಸೋಯಾ ಹಾಲು! ಬಂಗುಡೆ ಮೀನಿಗೆ ಬಹಿಷ್ಕಾರ! ವಾರದೊಳಗೆ ಹೊಟ್ಟೆ ಹುಲಿವೇಷದ ತಾಸೆ ಡೋಲಿನಂತೆ ಬಾರಿಸತೊಡಗಿತು. ಬಸ್ಸಿನಲ್ಲಿ ನನ್ನ ಪಕ್ಕ ಕೂರುವವರಿಲ್ಲ. ಜೊತೆಗೆ ಆ ಹಾರ್ಮೋನಿನ ಚಿಂತೆ! ದಿನಾ ಬೆಳಗ್ಗೆ ಕನ್ನಡಿಯೆದುರು ಸ್ಕೇಲು ಹಿಡಿದು ಮೀಸೆ ಅಳೆದೆ. ಸೋಮವಾರ ಕಡಿಮೆ, ಮಂಗಳವಾರ ಹೆಚ್ಚು! ಗೆಲ್ಲುತ್ತಿರುವುದು ಸೋಯಾವೋ ಮೀಸೆಯೋ ಒಂದೂ ತಿಳಿಯಲಿಲ್ಲ.

"ಎಂತ ಅಳೆಯುವುದು ನೀವು?"

"ಗಂಡಸುತನ!"

"ಅದಿದ್ರೆ ಡಾಕ್ಟ್ರಲ್ಲಿಗೆ ಹೋಗ್ತಿದ್ರಿ. ನಿಮ್ಮ ಅಣ್ಣನೂ ಹೀಗೇ ದಿನ ತಳ್ಳಿದ್ದು," ಎಂದು ಉಮಾವತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆದರೂ ನಾನು ಸ್ಕೇಲು ಕೆಳಗಿಡಲಿಲ್ಲ.

ತಿಂಗಳು ತುಂಬಿತು. ಒಂದು ದಿನ ಬಸ್ಸಿನಿಂದ ಇಳಿದು ತಿರುಗಿ ನೋಡಿದರೆ, ಪೊರ್ಬುಗಳು ಕಿಟಕಿ ಬದಿಯಲ್ಲಿ ಮಹಾರಾಜನಂತೆ ಕೂತೇ ಇದ್ದಾರೆ! ಸಂಜೆ ಅವರ ಮನೆಗೇ ಓಡಿದೆ.

"ಇವತ್ತು ಇಳಿಯಲೇ ಇಲ್ಲ ನೀವು?"

"ಡಾಕ್ಟ್ರು ಮದ್ದು ಕೊಟ್ಟಿದ್ದಾರೆ ಶೆಟ್ರೇ. ಬಾವನ ಬೆಲ್ಲದ ಕಾಗದದಲ್ಲಿ ಬರೆದಿತ್ತು ಮಾರಾಯ್ರೇ, ನೋಡಿ!"

ಅದೇ ಹಾಳೆಯ ಇನ್ನರ್ಧ! "...ಇದನ್ನೇ ಔಷಧವೆಂದು ನಂಬಿ ಕೂರಬಾರದು. ಇದು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲಿನ ಪ್ರಯೋಗ ಮಾತ್ರ. ಮೂತ್ರದ ತೊಂದರೆಯಿರುವವರು ಮೊದಲು ವೈದ್ಯರನ್ನು ಕಾಣಬೇಕು."

"ಯಾವುದನ್ನು ನಂಬಬಾರದು ಅಂತ ನನ್ನ ಕಾಗದದಲ್ಲಿ ಇಲ್ಲ," ಎಂದರು ಪೊರ್ಬುಗಳು. "ಹಾಗೆ ಯಾವುದನ್ನೂ ನಂಬದೆ ಸೀದಾ ಡಾಕ್ಟ್ರಲ್ಲಿಗೆ ಹೋದೆ. ನಿಮಗೆ ಗೊತ್ತುಂಟಾ, ಅದು ಎಂತ ಅಂತ?"

ಗೊತ್ತಿಲ್ಲದೆ ಉಂಟೇ! ಎರಡು ಕಿಲೋ ತಿಂದಿದ್ದೆನಲ್ಲ!

ಮರುದಿನವೇ ಉಮಾವತಿ ನನ್ನನ್ನು ಡಾಕ್ಟರಲ್ಲಿಗೆ ಎಳೆದೊಯ್ದಳು. ನಾನು ತಿಂಗಳಿಡೀ ಹೆದರಿದ್ದ ಪರೀಕ್ಷೆ ಅರ್ಧ ನಿಮಿಷದಲ್ಲಿ ಮುಗಿಯಿತು. ವಾರದೊಳಗೆ ಉಳಿದ ವರದಿಗಳೂ ಬಂದವು.

"ಕ್ಯಾನ್ಸರ್ ಅಲ್ಲ. ವಯಸ್ಸಿಗೆ ಬರುವ ಊತ, ಮದ್ದು ಉಂಟು," ಎಂದರು ಡಾಕ್ಟರು. "ಆದ್ರೆ ನಿಮ್ಮ ಹೊಟ್ಟೆ ಯಾಕೆ ಹೀಗೆ?"

"ಸೋಯಾ," ಎಂದೆ. ಉಮಾವತಿ ಅಲ್ಲೇ ಅತ್ತಳು, ಅಲ್ಲೇ ನಕ್ಕಳು.

ಹಿಂತಿರುಗುವಾಗ ಸಂತೋಷಕ್ಕೆ ಪಾಯಸ ಮಾಡೋಣವೆಂದು ಬೆಲ್ಲಕ್ಕೆ ಬಾವನ ಅಂಗಡಿ ಹೊಕ್ಕೆವು. ಬಾವ ಅಭ್ಯಾಸದಂತೆ ಹಾಳೆ ಹರಿಯಲು ಕೈ ಹಾಕಿದ್ದೇ ತಡ, ಉಮಾವತಿ ಕೂಗಿದಳು:

"ಬೇಡ ಬಾವ! ಇವರಿಗೆ ಇನ್ನು ಎಂತ ಕಟ್ಟುವುದಿದ್ರೂ ಇಡೀ ಹಾಳೆಯಲ್ಲೇ ಕಟ್ಟಿ!"