ಕಂಬಳಿ ಹೊದ್ದ ಎಂಜಿನ್

ಸಿದ್ದಲಿಂಗಪ್ಪನಿಗೆ ಬೆಳಗಿನ ಚಹಾ ಗಂಟಲಲ್ಲಿ ಇಳಿಯದಿರಲು ಕಾರಣ ಬದುವಿನಾಚೆಯ ಅವ್ವಣ್ಣನ ಎಂಜಿನ್. ಹ್ಯಾಂಡಲ್ ಒಮ್ಮೆ ತಿರುವಿದರೆ ಸಾಕು, ಡಗ್ ಡಗ್ ಎಂದು ನೀರೆತ್ತುತ್ತಿತ್ತು.

ಪುಣೆ ಹತ್ತಿರದ ಚಾಕಣದ ಒಂದೇ ಗುಜರಿಯಿಂದ ಇಬ್ಬರೂ ಒಂದೇ ದಿನ ತಂದ ಹಳೆಯ ಡೀಸೆಲ್ ಎಂಜಿನ್‌ಗಳು ಅವು. ನೀರು ಬೇಡದೆ ಗಾಳಿಗೇ ತಂಪಾಗುವಂಥವು. ಕಲಬುರಗಿಯಿಂದ ಗಾರೆಯ ಗೌಂಡಿ ಕೆಲಸಕ್ಕೆ ಬಂದು ಇಲ್ಲೇ ಒಕ್ಕಲುತನಕ್ಕಿಳಿದಿದ್ದ ಅವ್ವಣ್ಣನದು ಬಣ್ಣ ಹೋದ ಡಬ್ಬಿ. ಕಾರ್ಖಾನೆಯ ಗುಮಾಸ್ತಿಕೆಯಿಂದ ನಿವೃತ್ತನಾಗಿ ಎಕರೆ ಹೊಲ ಹಿಡಿದಿದ್ದ ಸಿದ್ದಲಿಂಗಪ್ಪ ತನ್ನದಕ್ಕೆ ಹಸಿರು ಬಣ್ಣ ಬಳಿದು, ನಿಂಬೆಹಣ್ಣು ಕಟ್ಟಿ, ಯಾರ ಕಣ್ಣೂ ತಾಗದಿರಲೆಂದು ಕರಿಕಂಬಳಿ ಹೊದಿಸಿದ್ದ. ಇಷ್ಟು ಉಪಚಾರವಾದರೂ ಅದು ಹತ್ತು ನಿಮಿಷ ಓಡಿ, ಕಾದು, ಕೆಮ್ಮಿ ನಿಲ್ಲುತ್ತಿತ್ತು.

ಇಬ್ಬರಿಗೂ ಬಾವಿ ಒಂದೇ. ಇಂದು ಮಧ್ಯಾಹ್ನದವರೆಗೆ ಸಿದ್ದಲಿಂಗಪ್ಪನ ಪಾಳಿ, ಆಮೇಲೆ ಅವ್ವಣ್ಣನದು. ಇದು ತಪ್ಪಿದರೆ ನಾಲ್ಕು ದಿನ ನೀರಿಲ್ಲ. ಸಿದ್ದಲಿಂಗಪ್ಪನ ಈರುಳ್ಳಿ ಆಗಲೇ ತಲೆ ಬಾಗಿಸಿತ್ತು. ಎಂಜಿನ್ ಮೂರನೆಯ ಸಲ ನಿಂತಿತು.

"ಪುನ್ಹಾ ಬಂದ್ ಪಡ್ಲ ಕಾ?" ಎಮ್ಮೆ ಹೊಡೆದುಕೊಂಡು ಹೊರಟಿದ್ದ ಸಕ್ಕುಬಾಯಿ, ಮತ್ತೆ ನಿಂತಿತೇ ಎಂದು ನಕ್ಕಳು.

ಅವ್ವಣ್ಣ ಓಡಿಬಂದ. "ಸಾಹೇಬ್ರ, ಆ ಕಂಬಳಿ ತಗೀರಿ. ಅದಕ್ಕ ಗಾಳಿ ಆಡ್ಬೇಕ್ರಿ."

ಕಂಬಳಿ ತೆಗೆದರೆ ತಾನೇ ಇವನು ಕಣ್ಣು ಹಾಕುವುದು! ಸಿದ್ದಲಿಂಗಪ್ಪ ಅಷ್ಟು ದಡ್ಡನಲ್ಲ.

"ಗಾಳಿ ಪುರಾಣ ಬ್ಯಾಡ. ಎಂಜಿನ್ ಬದಲಿ ಮಾಡ್ಕೋತೀ ಏನು? ಮ್ಯಾಲ ನನ್ನ ಹೊಸಾ ಪೈಪೂ ಕೊಡ್ತೀನಿ."

"ಎರಡೂ ಒಂದ ನಮೂನಿ ಅದಾವಲ್ರಿ."

"ಹಂಗಿದ್ರ ನಿನಗೇನು ತ್ರಾಸ?"

ಅವ್ವಣ್ಣ ತಲೆ ಕೆರೆದುಕೊಂಡು ಒಪ್ಪಿದ. ಎಂಜಿನ್ ಹೊತ್ತ ಗಾಡಿಗಳು ಅದಲು ಬದಲಾದವು. ಸಿದ್ದಲಿಂಗಪ್ಪ ಹ್ಯಾಂಡಲ್ ತಿರುವಿದ. ಒಂದೇ ಸಲಕ್ಕೆ ಡಗ್ ಡಗ್! ಹೆಂಡತಿ ಶಿವಬಸವ್ವನನ್ನು ಕೂಗಿ ಕರೆದು, ಮೀಸೆಯ ಮೇಲೆ ಕೈಯಾಡಿಸಿದ.

"ಅರೆ ವ್ಹಾ!" ಎಂದು ಇನ್ನೂ ಅಲ್ಲೇ ನಿಂತಿದ್ದ ಸಕ್ಕುಬಾಯಿ ಕಣ್ಣರಳಿಸಿದಳು.

ಕಣ್ಣು ಬಿತ್ತು! ಸಿದ್ದಲಿಂಗಪ್ಪ ಓಡಿಹೋಗಿ ಕಂಬಳಿ ತಂದು, ಹೊಗೆಕೊಳವೆಯೊಂದನ್ನು ಬಿಟ್ಟು ಇಡೀ ಎಂಜಿನ್ನಿಗೆ ಹೊದಿಸಿದ. ಹತ್ತು ನಿಮಿಷಕ್ಕೆ ಅದೂ ಕಾದು, ಕೆಮ್ಮಿ ನಿಂತಿತು. ಹನ್ನೆರಡಾಯಿತು, ಪಾಳಿ ಮುಗಿಯಿತು.

ಅತ್ತ ಅವ್ವಣ್ಣ ಹಸಿರು ಎಂಜಿನ್ನಿನ ಸಂದುಗಳಲ್ಲಿ ಸಿಕ್ಕಿದ್ದ ಕಸ, ಕಂಬಳಿಯ ನೂಲನ್ನೆಲ್ಲ ಬ್ರಶ್‌ನಿಂದ ತಿಕ್ಕಿ ತೆಗೆದು ಹ್ಯಾಂಡಲ್ ತಿರುವಿದ. ಒಂದೇ ಸಲಕ್ಕೆ ಡಗ್ ಡಗ್.

"ನೋಡಿದೇನ, ಎಂಥಾ ಎಂಜಿನ್ ಅದ ಆ ಅವ್ವಣ್ಣಂದು!" ಎಂದು ಸಿದ್ದಲಿಂಗಪ್ಪ ಹಲ್ಲು ಕಡಿದ.

"ಮುಂಜಾನಿತನಕ ಅದು ನಮ್ದ ಇತ್ತಲ್ರಿ," ಎಂದಳು ಶಿವಬಸವ್ವ.

"ಅದಕ್ಕ ಹೊಟ್ಟಿ ಭಾಳ ಉರೀತದ!"

ಬಾಡಿದ ಈರುಳ್ಳಿಯನ್ನು ಕಂಡ ಅವ್ವಣ್ಣ ತನ್ನ ಪಾಳಿಯ ನೀರನ್ನೇ ಇತ್ತ ತಿರುಗಿಸಿದ. ಶಿವಬಸವ್ವ ಕೈಯೆತ್ತಿ ಮುಗಿದಳು.

"ಎಂಥಾ ದೇವರಂಥಾ ಮನಷಾ ಅದಾನ್ರೀ! ಎಂಜಿನ್ ನಮ್ದು, ಪೈಪ್ ನಮ್ದು, ಉಳ್ಳಾಗಡ್ಡೀನೂ ನಮ್ದು. ಪುಣ್ಯ ಅಷ್ಟ ಅವಂದು."

ಸಿದ್ದಲಿಂಗಪ್ಪ ಎಂಜಿನ್ ಮೇಲಿನ ಕಂಬಳಿಯನ್ನು ಸರ್ರನೆ ಎಳೆದು, ಆ ಉರಿಬಿಸಿಲಿನಲ್ಲಿ ತಾನೇ ಮುಸುಕು ಹಾಕಿಕೊಂಡು ಮಲಗಿದ. ಎಂಜಿನ್ನಿಗೆ ಕೊನೆಗೂ ಗಾಳಿ ಸಿಕ್ಕಿತು.